ಒಂದು ಗಿಡ ಹತ್ತು ಎಸಿಗೆ ಸಮವೇ? ಸತ್ಯಾಂಶ

ಬೇಸಿಗೆ ಬಂದರೆ ಸಾಕು, ಈ ಫಾರ್ವರ್ಡ್ ತಪ್ಪದೆ ಬರುತ್ತದೆ: ‘ಒಂದು ಎಳೆಯ ಗಿಡ, ದಿನಕ್ಕೆ 20 ಗಂಟೆ ಓಡುವ 10 ಎಸಿಗೆ ಸಮ.’ ಆಶಯ ಒಳ್ಳೆಯದೇ. ಆದರೆ ಲೆಕ್ಕ ಕೂಡುವುದಿಲ್ಲ.

ಮರ ತಂಪು ಮಾಡುವ ಒಂದು ದಾರಿ, ಎಲೆಗಳಿಂದ ನೀರು ಆವಿಯಾಗುವುದು. ಒಂದು ಲೀಟರ್ ಆವಿಯಾಗಲು ಸುಮಾರು 0.68 ಯೂನಿಟ್ (ಕರೆಂಟ್ ಬಿಲ್‌ನಲ್ಲಿರುವ ಅದೇ ಯೂನಿಟ್) ಶಾಖ ಬೇಕು. ಒಂದು ಟನ್ ಎಸಿ ಗಂಟೆಗೆ ಸುಮಾರು 3.5 ಯೂನಿಟ್ ಶಾಖ ಹೊರಹಾಕುತ್ತದೆ. ಹತ್ತು ಎಸಿ, 20 ಗಂಟೆ ಅಂದರೆ 700 ಯೂನಿಟ್. ಅಷ್ಟಕ್ಕೆ ಗಿಡ ದಿನಕ್ಕೆ ಸಾವಿರ ಲೀಟರ್ ನೀರು ಹೀರಬೇಕು! ಎಳೆಗಿಡಕ್ಕೆ ಅದು ಸಾಧ್ಯವೇ ಇಲ್ಲ. ಮೇಲಾಗಿ ಎಸಿ ತಂಪು ಮಾಡುವುದು ಮುಚ್ಚಿದ ಕೋಣೆಯನ್ನು. ಮರದ ತಂಪು ಗಾಳಿಯಲ್ಲಿ ಹರಡಿಹೋಗುತ್ತದೆ.

ಹಾಗಂತ ಮರದ ಉಪಕಾರ ಕಡಿಮೆ ಅಂದುಕೊಳ್ಳಬೇಡಿ. ಬೆಂಗಳೂರಿನ ಬೀದಿಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಮರಗಳಿದ್ದ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೆ, ಡಾಂಬರಿನ ಬಿಸಿ 27.5 ಡಿಗ್ರಿವರೆಗೆ ಕಡಿಮೆ ಇತ್ತು. ನನಗಂತೂ ಫಾರ್ವರ್ಡ್‌ಗಿಂತ ಇದೇ ದೊಡ್ಡ ಸುದ್ದಿ.

ಕರೆಂಟ್ ಬಿಲ್ ಇಳಿಸುವುದು ಮುಖ್ಯವಾಗಿ ನೆರಳು. ಬಿಸಿಲು ಗೋಡೆಗೆ, ಕಿಟಕಿಗೆ ಬೀಳದಿದ್ದರೆ ಫ್ಯಾನ್, ಎಸಿಗೆ ಕೆಲಸ ಕಡಿಮೆ ಅಲ್ವಾ? ಅದಕ್ಕೇ ಸುಮ್ನೆ ಎಲ್ಲೋ ಒಂದು ಕಡೆ ನೆಡಬೇಡಿ. ಮಧ್ಯಾಹ್ನದ ಬಿಸಿಲು ಜಾಸ್ತಿ ಹೊಡೆಯುವ ಪಶ್ಚಿಮದ ಗೋಡೆಯ ಕಡೆ, ಪಾಯದಿಂದ ದೂರ ಬಿಟ್ಟು, ಹೊಂಗೆಯಂಥದ್ದನ್ನು ನೆಡಿ. ಮೊದಲ ಕೆಲವು ಬೇಸಿಗೆ ನೀರು ಹಾಕುವುದನ್ನು ಮರೆಯಬೇಡಿ.