ಬಸ್ಸು ಬಿಟ್ಟಲ್ಲೇ ಬೆಟ್ಟ

ಬೆಂಗಳೂರಿನ ಸುತ್ತ ಬೆಟ್ಟಕ್ಕೇನೂ ಬರ ಇಲ್ಲ. ಚಿಕ್ಕಬಳ್ಳಾಪುರದ ಕಡೆ ಹೋದ್ರೆ ನಂದಿ, ಸ್ಕಂದಗಿರಿ, ತುಮಕೂರು ರೋಡಲ್ಲಿ ಶಿವಗಂಗೆ, ಇನ್ನೂ ಮುಂದೆ ಹೋದ್ರೆ ದೇವರಾಯನದುರ್ಗ, ಮಾಗಡಿ ಕಡೆ ಸಾವನದುರ್ಗ, ಮೈಸೂರು ರೋಡಲ್ಲಿ ರಾಮದೇವರ ಬೆಟ್ಟ, ಕೋಲಾರದಲ್ಲಿ ಬಸ್ ಸ್ಟ್ಯಾಂಡಿಂದ ತಲೆ ಎತ್ತಿದ್ರೆ ಅಂತರಗಂಗೆ. ಕಾರಿರೋರು ಶನಿವಾರ ರಾತ್ರಿ ಕೂತ್ಕೊಂಡು ಇದು ಬೇಡ ಅದು ಅಂತ ಆರಿಸ್ಕೋತಾರೆ. ನಮ್ಮನೇಲಿ ಕಾರಿಲ್ಲ, ಮೆಜೆಸ್ಟಿಕ್ ಇದೆ. ಮೆಜೆಸ್ಟಿಕ್ಕಿಂದ ಹೊರಡೋರು ಯಾವ ಬೆಟ್ಟ ಹತ್ತಬೇಕು ಅನ್ನೋದನ್ನ ಅವರು ಡಿಸೈಡ್ ಮಾಡಲ್ಲ, ಬಸ್ಸು ಮಾಡುತ್ತೆ.

ನಮ್ಮ ಯಜಮಾನ್ರಿಗೆ ಟ್ರೆಕ್ಕಿಂಗ್ ಹುಚ್ಚು ಹತ್ತಿಸಿದ್ದು ಅವರ ಆಫೀಸಿನ ಹುಡುಗ್ರು, ನಮ್ಮತ್ತೆಗೆ ಬಸ್ಸಿನ ಹುಚ್ಚು ಹತ್ತಿಸಿದ್ದು ಸರ್ಕಾರ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಅವತ್ತಿಂದ ಅತ್ತೆಗೆ ರಾಜ್ಯದಲ್ಲಿ ತಾವು ನೋಡದೇ ಇರೋ ದೇವಸ್ಥಾನ ಅಂದ್ರೆ ಯಾರೋ ತೀರಿಸದೇ ಉಳಿಸ್ಕೊಂಡಿರೋ ಕೈಸಾಲ ಇದ್ದಂಗೆ, ನೆನಪಾದಾಗೆಲ್ಲ ಸಂಕಟ. ಪುಣ್ಯಕ್ಕೆ ನಮ್ಮ ಕಡೆ ದೇವರುಗಳು ಬೆಟ್ಟದ ತುದೀಲೇ ಮನೆ ಮಾಡ್ಕೊಂಡಿರೋದ್ರಿಂದ ಇವರ ಟ್ರೆಕ್ಕಿಂಗೂ ಅವರ ತೀರ್ಥಯಾತ್ರೆನೂ ಒಂದೇ ಬಸ್ಸಲ್ಲಿ ಮುಗಿಯುತ್ತೆ.

ಇವರದ್ದು ದಪ್ಪ ಶೂ, ಮಡಚೋ ಕೋಲು, ಬೆನ್ನಿಗೆ ಬ್ಯಾಗು, ಆ ಬ್ಯಾಗಿಂದ ಹೆಗಲ ಮೇಲೆ ಹಾದು ಬಾಯಿ ಹತ್ರ ಬರೋ ಒಂದು ಪೈಪು, ನಡೀತಾ ನಡೀತಾ ನೀರು ಹೀರೋಕಂತೆ. ಅತ್ತೆದು ಹವಾಯಿ ಚಪ್ಪಲಿ, ಪುಳಿಯೋಗರೆ ಡಬ್ಬಿ, ಛತ್ರಿ. ಮೊದಲನೇ ಸಲ ಆ ಪೈಪು ಬಾಯಲ್ಲಿ ಇಟ್ಕೊಂಡು ಬಸ್ಸಲ್ಲಿ ನಿಂತಿದ್ರು ನೋಡಿ, ಕಿಟಕಿ ಪಕ್ಕ ಕೂತಿದ್ದ ಅಜ್ಜಿಯೊಬ್ರು ಎದ್ದು ನಿಂತು, "ಕೂತ್ಕೋಪ್ಪ ನೀನು, ಯಾವ ಆಸ್ಪತ್ರೆಗೆ ಹೋಗ್ತಿದೀರಿ?" ಅಂತ ನನ್ನ ಕೇಳಿದ್ರು. ಇವರು ಬೇಡ ಬೇಡ ಅಂತ ಕೈ ಆಡಿಸಿದ್ರು. ಅತ್ತೆ ಆ ಸೀಟಲ್ಲಿ ಕೂತ್ರು.

ನಂದಿಬೆಟ್ಟದ ವಿಷ್ಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದನ್ನ ನೋಡದೇ ಇರೋ ಬೆಂಗಳೂರಿನವರು ಯಾರೂ ಇಲ್ಲ. 1478 ಮೀಟರ್ ಎತ್ತರ, ಮೋಡ, ಸೂರ್ಯೋದಯ, ಟಿಪ್ಪು ಡ್ರಾಪು, ಎಲ್ಲ ಸರಿ. ಆದ್ರೆ ಬಸ್ಸಲ್ಲಿ ಹೋಗೋರಿಗೆ ಸೂರ್ಯೋದಯ ಆಗೋದು ದೇವನಹಳ್ಳಿ ಆಸುಪಾಸಲ್ಲಿ, ಅದೂ ಮುಂದಿನ ಸೀಟಿನವರು ಕಿಟಕಿ ಪರದೆ ಎಳೀದೇ ಇದ್ರೆ. ನಾವು ಬುಡ ಮುಟ್ಟೋ ಹೊತ್ತಿಗೆ ಸೂರ್ಯ ನೋಡಿದೋರೆಲ್ಲ ವಾಪಸ್ ಇಳೀತಾ ಇದ್ರು. ನಾವು ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿದ್ವಿ, ಈ ದಾರಿ ಎಷ್ಟು ಚೆನ್ನಾಗಿದೆ ಅಂದ್ರೆ ಕಾರಿನೋರಿಗೆ ಗೊತ್ತೇ ಇಲ್ಲ, ಗೊತ್ತಾಗೋದೂ ಬೇಡ. ಮೇಲೆ ಹೋದ್ಮೇಲೆ ಇವರು ಏದುಸಿರು ಬಿಡ್ತಾ ನಂಗೆ ಇತಿಹಾಸ ಹೇಳಿದ್ರು, ಕಾರ್ನ್‌ವಾಲಿಸ್ ಸೈನ್ಯ 1791ರ ಅಕ್ಟೋಬರಲ್ಲಿ ಈ ಕೋಟೆ ಹಿಡೀತು, ಡಿಸೆಂಬರಲ್ಲಿ ಸಾವನದುರ್ಗ ಹಿಡೀತು ಅಂತ. ಎರಡು ತಿಂಗಳಲ್ಲಿ ಎರಡು ಬೆಟ್ಟ! ಹೌದಪ್ಪ, ಅವರಿಗೇನು, ಮಾಗಡಿ ಬಸ್ ಸ್ಟ್ಯಾಂಡಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯೋದಿತ್ತಾ?

ಸ್ಕಂದಗಿರಿ, ಮಾಕಳಿದುರ್ಗ ಇವೆಲ್ಲ ನಮ್ಮ ಲಿಸ್ಟಲ್ಲಿ ಇಲ್ಲ. ಅಲ್ಲಿಗೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡಿಸ್ಬೇಕು, ಇಂಥಾ ದಿನ ಇಂಥಾ ಹೊತ್ತಿಗೆ ಬರ್ತೀವಿ ಅಂತ ಮುಂಚೇನೇ ಹೇಳ್ಬೇಕು. ಬಸ್ಸಲ್ಲಿ ಹೋಗೋರು ಅಷ್ಟೊಂದು ಧೈರ್ಯವಾಗಿ ಮಾತು ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಶಿವಗಂಗೆ. ಡಾಬಸ್‌ಪೇಟೇಲಿ ಇಳಿದು ಅಲ್ಲಿಂದ ಪ್ರೈವೇಟ್ ಬಸ್ಸೋ ಆಟೋನೋ ಹಿಡಿದ್ರೆ ಸಾಕು, ಇಷ್ಟು ಸುಲಭದ ಬೆಟ್ಟ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಮೆಜೆಸ್ಟಿಕ್ಕಲ್ಲಿ ತುಮಕೂರು ಬಸ್ಸಿನ ಬಾಗಿಲ ಹತ್ರ ಬಾಳೆಹಣ್ಣು ತಿಂತಾ ನಿಂತಿದ್ದ ಒಬ್ರನ್ನ ಇವರು ಕೇಳಿದ್ರು, ಡಾಬಸ್‌ಪೇಟೆ ಮೇಲೆ ಹೋಗುತ್ತಾ ಅಂತ. "ಹೋಗುತ್ತೆ, ಹತ್ತಿ ಹತ್ತಿ" ಅಂದ್ರು. ಆ ಮನುಷ್ಯ ಒಂದಕ್ಷರ ಸುಳ್ಳು ಹೇಳಿರ್ಲಿಲ್ಲ. ಪೀಣ್ಯ ಫ್ಲೈಓವರ್ ಹತ್ತಿದ ಮೇಲೆ ಕಂಡಕ್ಟರ್ ಬಂದು, "ಮೂರು ಜನಾನಾ? ದುಡ್ಡು ಕೊಡೋರು ಯಾರು?" ಅಂತ ಕೇಳಿ, ಅತ್ತೆ ಆಧಾರ್ ಕಾರ್ಡನ್ನೂ ಅತ್ತೆ ಮುಖಾನೂ ಸ್ವಲ್ಪ ಹೊತ್ತು ತೂಗಿ ನೋಡಿ, ನಮ್ಮಿಬ್ರಿಗೂ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟು, ಆಮೇಲೆ ಇವರ ಕಡೆ ತಿರುಗಿದ್ರು.

"ಡಾಬಸ್‌ಪೇಟೆ ಒಂದು."

"ನಾನ್‌ಸ್ಟಾಪ್ ಸಾರ್ ಇದು. ತುಮಕೂರು ತಗೊಳಿ. ಬೇಕಾದ್ರೆ ಕ್ಯಾತ್ಸಂದ್ರದಲ್ಲಿ ನಿಲ್ಲಿಸ್ತೀನಿ."

ಬಸ್ಸು ಡಾಬಸ್‌ಪೇಟೆ ಮೇಲೆ ಹೋಯ್ತು, ಅಕ್ಷರಶಃ ಮೇಲೆ, ಫ್ಲೈಓವರಲ್ಲಿ. ಕೆಳಗೆ ನಾವು ಇಳೀಬೇಕಾದ ಜಾಗ, ಆಟೋಗಳು, ಎಳನೀರು ಗಾಡಿ ಎಲ್ಲ ಚೆನ್ನಾಗಿ ಕಾಣ್ತಾ ಇತ್ತು. ಶಿವಗಂಗೆ ಬೆಟ್ಟ ಪೂರ್ವದಿಂದ ನೋಡಿದ್ರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಅಂತ ಹೇಳ್ತಾರೆ. ಹೈವೇ ಇರೋದು ಬೆಟ್ಟದ ಉತ್ತರಕ್ಕೆ. ಎಡಗಡೆ ಕಿಟಕೀಲಿ ಸರ್ಪ ಹಿಂದೆ ಹಿಂದೆ ಸರೀತಾ ಹೋಯ್ತು, ಅತ್ತೆ ಕೂತಲ್ಲಿಂದಲೇ ಕೈ ಮುಗಿದ್ರು. ನಮ್ಗಿಬ್ರಿಗೂ ಫ್ರೀ ಆದ್ದರಿಂದ ಹೆಚ್ಚು ದೂರ ಹೋಗಿದ್ದು ಲಾಭಾನೇ, ಲಾಸ್ ಆಗಿದ್ದು ದುಡ್ಡು ಕೊಟ್ಟೋರಿಗೆ ಮಾತ್ರ.

ಕ್ಯಾತ್ಸಂದ್ರದಲ್ಲಿ ಇಳಿದ್ವಿ. ಅಲ್ಲಿ ಇಳಿದ ಮೇಲೆ ತಟ್ಟೆ ಇಡ್ಲಿ ತಿನ್ನದೇ ಬರೋದು ಆ ಊರಿಗೆ ಮಾಡೋ ಅವಮಾನ, ಹಾಗಾಗಿ ಬೆಣ್ಣೆ ಹಾಕ್ಸ್ಕೊಂಡು ತಿಂದ್ವಿ. ವಾಪಸ್ ಡಾಬಸ್‌ಪೇಟೆಗೆ ಬಸ್ ಹಿಡಿಯೋಣ ಅಂತ ಇವರು ಎದ್ರೆ ಅತ್ತೆ ಏಳಲಿಲ್ಲ. "ಅಲ್ಲ ಕಣೋ, ಸಿದ್ಧಗಂಗೆ ಪಕ್ಕದಲ್ಲೇ ಇಟ್ಕೊಂಡು ಎಲ್ಲಿಗೋ ಹೊರಟಿದೀಯಲ್ಲ, ಅಲ್ಲೂ ಬೆಟ್ಟ ಇಲ್ವಾ?" ಇತ್ತು. ಮೆಟ್ಟಿಲೂ ಇತ್ತು, ಮೇಲೆ ಸಿದ್ಧಲಿಂಗೇಶ್ವರನ ಗುಡಿನೂ ಇತ್ತು. ಇವರು ಮೊಬೈಲಲ್ಲಿ ಶಿವಗಂಗೆ ದಾರಿ ಡೌನ್‌ಲೋಡ್ ಮಾಡ್ಕೊಂಡಿದ್ರಲ್ಲ, ಮೆಟ್ಟಿಲು ಹತ್ತೋವಾಗೆಲ್ಲ ಅದು ನೀವು ದಾರಿ ತಪ್ಪಿದೀರಿ ದಾರಿ ತಪ್ಪಿದೀರಿ ಅಂತ ಬಡ್ಕೋತಾನೇ ಇತ್ತು, ಇಳೀತಾ ಇದ್ದ ಹಿರಿಯರೊಬ್ರು ನಿಂತು ಕೇಳಿಸ್ಕೊಂಡು, "ಮಠದಲ್ಲೂ ಹಿಂಗಾ ಹೇಳೋದು, ತೆಗೆದಿಡಪ್ಪ ಒಳಗೆ" ಅಂದ್ರು. ಕೆಳಗಿಳಿದು ದಾಸೋಹದಲ್ಲಿ ಊಟ ಮಾಡಿ ಮನೆಗೆ ಬಂದ್ವಿ. ಸೋಮವಾರ ಆಫೀಸಲ್ಲಿ ಟ್ರೆಕ್ಕಿಂಗ್ ಹೆಂಗಾಯ್ತು ಅಂತ ಕೇಳಿದೋರಿಗೆ ಇವರು ಏನು ಹೇಳಿದ್ರೋ, ನಾನು ಕೇಳಕ್ಕೆ ಹೋಗಿಲ್ಲ.

ಆಮೇಲೊಂದು ಭಾನುವಾರ ಡಾಬಸ್‌ಪೇಟೇಲಿ ನಿಲ್ಲೋ ಬಸ್ಸೇ ಸಿಕ್ತು, ಶಿವಗಂಗೇನೂ ಸಿಕ್ತು. ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿದ್ರೆ ಬೆಣ್ಣೆ ಆಗುತ್ತೆ ಅನ್ನೋ ಗುಡಿ ಇದೇ. ಅದು ಮುಗಿಸಿ ಮೇಲೆ ಹತ್ತಿದ್ರೆ ಒಳಕಲ್ಲು ತೀರ್ಥ. ಬಂಡೆಯೊಳಗೆ ಒಂದು ತೂತು, ಕೈ ಇಳಿಬಿಟ್ರೆ ಅದೃಷ್ಟ ಇದ್ದೋರಿಗೆ ನೀರು ಸಿಗುತ್ತೆ ಅಂತ ನಂಬಿಕೆ. ಅತ್ತೆ ಸೆರಗು ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಕೈ ಹಾಕಿದ ತಕ್ಷಣ ನೀರು ತೆಗೆದು ನನ್ನ ತಲೆ ಮೇಲೆ ಪ್ರೋಕ್ಷಣೆ ಮಾಡಿದ್ರು. ಇವರು ಮೊದ್ಲು ಮಂಡಿಯೂರಿದ್ರು, ಆಮೇಲೆ ಬ್ಯಾಗ್ ಬಿಚ್ಚಿ ಪಕ್ಕಕ್ಕಿಟ್ರು, ಆಮೇಲೆ ಬೋರಲು ಮಲಗಿ ಕೆನ್ನೆ ಬಂಡೆಗೆ ಒತ್ತಿ ಭುಜದವರೆಗೂ ಕೈ ಇಳಿಸಿ ತಡಕಾಡಿದ್ರು. ಕ್ಯೂನಲ್ಲಿ ಇದ್ದೋರೆಲ್ಲ ಎಡಕ್ಕೆ, ಬಲಕ್ಕೆ, ಇನ್ನೂ ಒಳಗೆ ಅಂತ ಡೈರೆಕ್ಷನ್ ಕೊಡ್ತಾ ಇದ್ರು. ಕೈ ಒಣಗೇ ಬಂತು. ಅಂತರ್ಜಲದ ಮಟ್ಟ ಅಂತ ಏನೋ ವಿವರಿಸೋಕೆ ಬಾಯಿ ತೆಗೆದ್ರು, ಅಷ್ಟ್ರಲ್ಲಿ ಅವರ ಹಿಂದಿದ್ದ ಒಂದು ಚಿಕ್ಕ ಹುಡುಗಿ ಕೈ ಹಾಕಿ ನೀರು ತೆಗೀತು.

ಈ ಅಂತರ್ಜಲದ ಗಲಾಟೇಲಿ ಬ್ಯಾಗ್ ಮರೆತೋಗಿತ್ತು. ಶಿವಗಂಗೆ ಕೋತಿಗಳಿಗೆ ಜಿಪ್ ತೆಗೆಯೋದು ನಮಗಿಂತ ಚೆನ್ನಾಗಿ ಬರುತ್ತೆ. ಅದು ಅವಸರ ಮಾಡ್ಲಿಲ್ಲ, ಇವರು ಆನ್‌ಲೈನಲ್ಲಿ ತರಿಸಿದ್ದ ಪ್ರೋಟೀನ್ ಬಾರನ್ನ ಹೊರಗೆ ತೆಗೆದು, ಮೂಸಿ, ಬಂಡೆ ಮೇಲಿಂದ ಕೆಳಗೆ ಬಿಸಾಕಿ, ಪುಳಿಯೋಗರೆ ಡಬ್ಬೀನ ಮಾತ್ರ ಕಂಕುಳಲ್ಲಿ ಇಟ್ಕೊಂಡು ಹೋಯ್ತು. ಅತ್ತೆಗೆ ಬೇಜಾರಾಯ್ತು ಅಂದ್ಕೊಂಡ್ರಾ? "ರುಚಿ ಗೊತ್ತಿರೋ ಪ್ರಾಣಿ" ಅಂದ್ರು, ಆ ಗೊಜ್ಜು ಅವರೇ ಮಾಡಿದ್ದು. ತುದೀಲಿ ಬಸವಣ್ಣನ ಹತ್ರ ಕಂಬಿ ಹಿಡ್ಕೊಂಡು ಹತ್ತೋ ಜಾಗ ಇದೆಯಲ್ಲ, ಅಲ್ಲಿಗೆ ನಾವಿಬ್ರೂ ಹೋಗೋ ಹೊತ್ತಿಗೆ ಅತ್ತೆ ಪ್ರದಕ್ಷಿಣೆ ಮುಗಿಸಿ, ಯಾರದ್ದೋ ಸೌತೆಕಾಯಿ ತಿಂತಾ ಕೂತಿದ್ರು.

ವಾಪಸ್ ಬರೋದು ಇದೆಯಲ್ಲ, ಅದನ್ನ ಯಾವ ಟ್ರೆಕ್ಕಿಂಗ್‌ನವರೂ ಹೇಳಲ್ಲ. ಬೆಟ್ಟದ ಬುಡದಲ್ಲಿ ಬಸ್ಸಿನ ಟೈಮ್ ಕೇಳಿದ್ರೆ ಟೀ ಅಂಗಡಿಯವರು "ಈಗ ಹೋಯ್ತಲ್ಲ" ಅಂದ್ರು, ಹೂವಿನಮ್ಮ "ಈಗ ಬರುತ್ತೆ" ಅಂದ್ರು, ಇಬ್ರೂ ಒಂದೇ ಬಸ್ಸಿನ ಬಗ್ಗೆ ಹೇಳ್ತಿದ್ರು. ಕೊನೆಗೆ ಒಂದು ಗೂಡ್ಸ್ ಆಟೋದ ಹಿಂದೆ ಖಾಲಿ ಕ್ರೇಟ್‌ಗಳ ಜೊತೆ ಡಾಬಸ್‌ಪೇಟೆಗೆ ಬಂದ್ವಿ. ಅಲ್ಲಿ ಭಾನುವಾರ ಸಂಜೆ ತುಮಕೂರು ಕಡೆಯಿಂದ ಬರೋ ಬಸ್ಸುಗಳಲ್ಲಿ ಊರಿಗೆ ಹೋಗಿದ್ದ ಅರ್ಧ ಬೆಂಗಳೂರು ತೆಂಗಿನಕಾಯಿ ಚೀಲ ಸಮೇತ ವಾಪಸ್ ಬರ್ತಿರುತ್ತೆ. ಬೆಟ್ಟದ ಮೆಟ್ಟಿಲು ಹತ್ತಿ ಇಳಿದ ಮಂಡಿಗೆ ಬಸ್ಸಿನ ಮೊದಲ್ನೇ ಮೆಟ್ಟಿಲು ಹತ್ತೋದಿದೆಯಲ್ಲ, ಅಲ್ಲಿ ಕಂಬಿನೂ ಇರುತ್ತೆ ಆದ್ರೆ ಅದನ್ನ ಆಗಲೇ ಆರು ಜನ ಹಿಡ್ಕೊಂಡಿರ್ತಾರೆ. ಇವರ ಮಡಚೋ ಕೋಲು ಮಡಚ್ಕೊಳ್ಳಲಿಲ್ಲ, ಯಾರಿಗೋ ತಿವೀತು. "ಸಾರ್ ದೊಣ್ಣೆ ಕೆಳಗಿಡಿ" ಅಂತ ಹಿಂದಿಂದ ಕೂಗಿದ್ರು. ಅತ್ತೆಗೆ ಎಂದಿನಂತೆ ಕಿಟಕಿ ಸೀಟು. ನಂಗೆ ಒಂದು ತೆಂಗಿನಕಾಯಿ ಚೀಲದ ಮೇಲೆ ಅರ್ಧ ಜಾಗ. ಟಿಕೆಟ್ ತಗೊಂಡೋರೊಬ್ರೇ ನಮ್ಮ ಪೈಕಿ ನಿಂತಿದ್ದು, ಅವರ ಹತ್ರ ಇದ್ದಿದ್ದು ಐನೂರರ ನೋಟು, ಕಂಡಕ್ಟರ್ ಮಿಕ್ಕಿದ್ದನ್ನ ಟಿಕೆಟ್ ಹಿಂದೆ ಬರೆದು ಇಳಿಯೋವಾಗ ಇಸ್ಕೊಳಿ ಅಂದ್ರು.

ಗೊರಗುಂಟೆಪಾಳ್ಯದಲ್ಲಿ ಜನ ತಳ್ಳಿದ ರಭಸಕ್ಕೆ ಮೂರೂ ಜನ ಇಳಿದ್ವಿ, ಚಿಲ್ಲರೆ ಬಸ್ಸಲ್ಲೇ ಮೆಜೆಸ್ಟಿಕ್ಕಿಗೆ ಹೋಯ್ತು. ಇವರು ಹೋಗ್ಲಿ ಬಿಡಿ ಅಂದ್ರು. ಅತ್ತೆ ಬಿಟ್ಟಿಲ್ಲ, ಆ ಟಿಕೆಟನ್ನ ತಮ್ಮ ಪರ್ಸಲ್ಲಿ ಕುಂಕುಮದ ಪೊಟ್ಟಣದ ಜೊತೆ ಇಟ್ಕೊಂಡಿದಾರೆ, ಅದೇ ಕಂಡಕ್ಟರ್ ಸಿಗೋವರೆಗೂ ಪ್ರತಿ ಭಾನುವಾರ ತುಮಕೂರು ರೋಡಿಗೇ ಹೋಗೋಣ ಅಂತಿದಾರೆ.