ಮಕ್ಕಳ ಹುಟ್ಟುಹಬ್ಬ ಸಂಜೆ ನಾಲ್ಕಕ್ಕೆ ಶುರುವಾಗಲಿ

ಹೋದ ವರ್ಷ ನಮ್ಮ ಪುಟ್ಟಿಗೆ ನಾಲ್ಕು ತುಂಬಿದಾಗ ಪಾರ್ಟಿ ಹಾಲ್ ಹಿಡಿದಿದ್ವಿ. ಮುನ್ನೂರು ಜನ. ಕಾರ್ಡಿನಲ್ಲಿ ಸಂಜೆ ಏಳು ಅಂತ ಹಾಕಿಸಿದ್ದು, ಕೇಕ್ ಕತ್ತರಿಸಿದಾಗ ಒಂಬತ್ತೂಕಾಲು. ಅಷ್ಟೊತ್ತಿಗೆ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಿ, ಮುಖ ತೊಳೆಸಿ, ಚುಚ್ಚುವ ಜರಿ ಫ್ರಾಕ್ ಸರಿ ಮಾಡಿ, ಕೈಗೆ ಚಾಕು ಕೊಟ್ವಿ. ಸ್ಪೀಕರಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಅತ್ತಳು. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಅದಕ್ಕೇ ಇವತ್ತು ಇದನ್ನು ಬರೆಯುತ್ತಿದ್ದೇನೆ. ದೊಡ್ಡದಾಗಿ ಮಾಡುವುದು ತಪ್ಪು ಅನ್ನುವವಳಲ್ಲ ನಾನು. ನಮ್ಮ ದಾವಣಗೆರೆಯಲ್ಲಿ ಹತ್ತು ಮನೆಗೆ ಹೇಳಿ ಹನ್ನೊಂದನೆಯದನ್ನು ಬಿಡೋಕಾಗಲ್ಲ. ಮುಯ್ಯಿ ಅನ್ನೋದಿದೆ. ಅವರ ಮನೆ ನಾಮಕರಣಕ್ಕೆ ನಾವು ಹೋಗಿರ್ತೀವಿ, ನಮ್ಮ ಗೃಹಪ್ರವೇಶಕ್ಕೆ ಅವರು ಬಂದಿರ್ತಾರೆ. ಆ ಲೆಕ್ಕ ದೊಡ್ಡವರದು, ಇರಲಿ. ಆದರೆ ಅದನ್ನು ತೀರಿಸೋಕೆ ಮಗುವಿನ ನಿದ್ದೆ, ಹಸಿವು, ಕಿವಿ ಮೂರನ್ನೂ ಒತ್ತೆ ಇಡಬಾರದು. ಮೂರರಿಂದ ಐದು ವರ್ಷದ ಮಕ್ಕಳಿಗೆ ಮಧ್ಯಾಹ್ನದ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಒಂಬತ್ತೂಕಾಲಕ್ಕೆ ಅವರನ್ನು ವೇದಿಕೆ ಹತ್ತಿಸಿದರೆ ಅಳದೆ ಇನ್ನೇನು ಮಾಡ್ತಾರೆ?

ಈ ಸಲ ನಮ್ಮ ಪುಟ್ಟಿಯದೂ ನಾದಿನಿ ಮಗನದೂ ಸೇರಿಸಿ ಒಟ್ಟಿಗೆ ಮಾಡಿದ್ವಿ. ಇಬ್ಬರ ಹುಟ್ಟುಹಬ್ಬಕ್ಕೂ ಐದೇ ದಿನದ ಅಂತರ. ಶಾಲೆಯವು, ಬೀದಿಯವು, ನೆಂಟರವು ಎಲ್ಲಾ ಸೇರಿ ನಲವತ್ತೈದು ಮಕ್ಕಳು. ಬಡಾವಣೆಯ ಸಮುದಾಯ ಭವನ, ಮುಂದೆ ಹೊಂಗೆ ಮರದ ನೆರಳು, ಸುತ್ತ ಕಾಂಪೌಂಡ್. ಭಾನುವಾರ, ನಾಲ್ಕರಿಂದ ಆರೂವರೆ. ಟೈಮ್ ಕೇಳಿ ನಮ್ಮತ್ತೆ, "ಅಲ್ಲಮ್ಮ, ಆ ಹೊತ್ತಿಗೆ ಯಾರ್ ಬರ್ತಾರೆ? ಜನ ಏನಂತಾರೆ?" ಅಂದರು. ಬೆಳಗ್ಗೆ ಎಣ್ಣೆ-ನೀರು, ಆರತಿ, ದುಗ್ಗಮ್ಮನ ಗುಡಿ ಎಲ್ಲಾ ನಿಮ್ಮ ಇಷ್ಟದ ಪ್ರಕಾರ ಅತ್ತೆ, ಸಂಜೆ ಮಾತ್ರ ಮಕ್ಕಳದು ಅಂದೆ. ಒಪ್ಪಿದರು.

ಮಕ್ಕಳು ಬಂದ ಅರ್ಧ ಗಂಟೆಗೆ ಊಟ ಕೊಟ್ಟೆವು. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. ಕೇಕ್ ಆಮೇಲೆ, ಊಟ ಇನ್ನೂ ಆಮೇಲೆ ಅಂತ ಇಟ್ಟರೆ ಹಸಿದ ಮಕ್ಕಳು ಜಗಳಕ್ಕೆ ಬೀಳುತ್ತವೆ. ಜಮಖಾನ ಹಾಸಿ ಸಾಲಾಗಿ ಕೂರಿಸಿ, ಅಂಗೈಯಗಲದ ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ, ಖಾರವಿಲ್ಲದ ಕಾಯಿ ಚಟ್ನಿ. ದೋಸೆ ಭಟ್ಟರಿಗೆ ಮೊದಲೇ ಹೇಳಿದ್ದೆ: ಹಂಚು ಮಕ್ಕಳ ಕೈಗೆ ಸಿಗದಂತೆ ಕಾಂಪೌಂಡಿನ ಆಚೆ ಮೂಲೆಯಲ್ಲಿರಲಿ, ಮುಂದೆ ಬೆಂಚು ಅಡ್ಡ ಇರಲಿ. ಮಂಡಕ್ಕಿ ಇಲ್ಲದೆ ನಮ್ಮೂರಲ್ಲಿ ಯಾವ ಸಂಜೆಯೂ ಇಲ್ಲ. ಆದರೆ ಸಣ್ಣ ಮಕ್ಕಳ ಒಗ್ಗರಣೆ ಮಂಡಕ್ಕಿಗೆ ಶೇಂಗಾ ಬೀಜ ಬೇಡ ಅಂತ ಪಟ್ಟು ಹಿಡಿದೆ. ಇಡೀ ಶೇಂಗಾ, ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿಬೀಳಬಹುದು, ಅದೂ ಓಡಾಡಿಕೊಂಡು ನಗುತ್ತಾ ತಿನ್ನುವಾಗ. ಬದಲಿಗೆ ಪುಟಾಣಿ ಹಿಟ್ಟು ಉದುರಿಸಿದ್ವಿ. ಮೆಣಸಿನಕಾಯಿ ಬಜ್ಜಿ ದೊಡ್ಡವರ ಮೇಜಿಗೆ ಹೋಯಿತು. ಕೇಕ್ ಮೂರು ಕೆಜಿ. ತಲೆಗೆ ಐವತ್ತು ಗ್ರಾಂ ಅಂತ ಲೆಕ್ಕ ಹಾಕಿದರೆ ಅರವತ್ತು ತುಂಡು. ಒಂದು ಚೂರೂ ಕಸಕ್ಕೆ ಹೋಗಲಿಲ್ಲ.

ಅಲಂಕಾರದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹೋದ ವರ್ಷ ಕೇಕ್ ಮೇಲೆ ಮೇಣದಬತ್ತಿ ಉರಿಯುತ್ತಿರುವಾಗಲೇ ಯಾರೋ ಹುಡುಗರು ಸ್ನೋ ಸ್ಪ್ರೇ ಒತ್ತಿದರು. ಭಗ್ ಅಂತ ಬೆಂಕಿ ಎದ್ದಿತು. ಒಂದು ಕ್ಷಣ ಅಷ್ಟೇ, ಯಾರಿಗೂ ಏನೂ ಆಗಲಿಲ್ಲ, ಪುಟ್ಟಿಯ ಮುಖ ಅಲ್ಲಿಂದ ಒಂದು ಮೊಳ ದೂರದಲ್ಲಿತ್ತು. ಅಂಥ ಎಷ್ಟೋ ಡಬ್ಬಿಗಳಲ್ಲಿ ನೊರೆಯನ್ನು ಹೊರಗೆ ತಳ್ಳುವುದು ನಮ್ಮ ಅಡುಗೆ ಸಿಲಿಂಡರಿನಲ್ಲಿರುವಂಥದೇ ಅನಿಲ. ಗ್ಯಾಸ್ ಬಲೂನಿಗೂ ಎಲ್ಲರೂ ಹೀಲಿಯಂ ತುಂಬುವುದಿಲ್ಲ. ಅಗ್ಗಕ್ಕೆ ಸಿಗುವ ಹೈಡ್ರೋಜನ್ ತುಂಬಿದ್ದರೆ ಕಿಡಿ ತಾಗಿದರೆ ಸಾಕು. ಮಾಮೂಲಿ ರಬ್ಬರ್ ಬಲೂನು ಒಡೆದು ಬಿದ್ದ ಚೂರನ್ನು ಮಗು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟಿ ಕೂರುತ್ತದೆ. ಹಾಗಾಗಿ ಈ ಸಲ ಸ್ಪ್ರೇ ಇಲ್ಲ, ಬಲೂನೂ ಇಲ್ಲ. ಡೆಕೊರೇಷನ್‌ನವರು ಥರ್ಮಾಕೋಲಿನಲ್ಲಿ ಹೆಸರು ಕೊರೆದು ಕೊಡ್ತೀನಿ ಅಂದರು. ಅಲಂಕಾರದ ಥರ್ಮಾಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಎರಡೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಅಂತ ನಾನೇ ಹೇಳಬೇಕಾಯಿತು. ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಮಾಲೆ ಕಟ್ಟಿದ್ವಿ. ಮಕ್ಕಳೇ ಬಣ್ಣ ಬಳಿದ ಕಾಗದದ ಗಾಳಿಪಟಗಳನ್ನು ದಾರಕ್ಕೆ ಪೋಣಿಸಿದ್ವಿ. ಅದೇ ಎಲ್ಲಕ್ಕಿಂತ ಚಂದ ಕಾಣುತ್ತಿತ್ತು.

ಆಟಕ್ಕೆ ಮ್ಯೂಸಿಕಲ್ ಚೇರ್ ಬೇಡ ಅಂದೆ. ಮೂರು ವರ್ಷದ ಕೂಸು ಮೊದಲನೇ ಸುತ್ತಿಗೇ ಔಟಾಗಿ ಗೋಡೆಗೆ ಒರಗಿ ನಿಲ್ಲುವುದನ್ನು ನೋಡೋಕಾಗಲ್ಲ. ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಗೆರೆ ಎಳೆದು ಕೆರೆ-ದಡ ಆಡಿಸಿದ್ವಿ. ತಪ್ಪಿದವರೂ ಆಟದಲ್ಲೇ ಇರುತ್ತಾರೆ ಅಂತ ಮೊದಲೇ ನಿಯಮ ಮಾಡಿದ್ವಿ. ಕರೆಯುವ ಕೆಲಸ ನಮ್ಮ ಮಾವನವರದು. "ಕೆರೆ!" ಅಂತ ಅವರು ಕೂಗಿದರೆ ನಲವತ್ತು ಮಕ್ಕಳು ಒಟ್ಟಿಗೆ ಜಿಗಿಯುವುದು, ಅರ್ಧದಷ್ಟು ಮಕ್ಕಳು ತಪ್ಪು ಕಡೆ ಜಿಗಿದು ಬಿದ್ದು ನಗುವುದು. ಮಾವನವರನ್ನು ಅಷ್ಟು ಖುಷಿಯಲ್ಲಿ ನಾನು ನೋಡಿ ಎಷ್ಟೋ ವರ್ಷ ಆಗಿತ್ತು.

ಇನ್ನೊಂದು ಮಾತು, ಗೇಟು. ಆರು ಮಕ್ಕಳಿಗೆ ಒಬ್ಬ ದೊಡ್ಡವರು ಅಂತ ಹಂಚಿಕೊಂಡಿದ್ದೆವು, ಅದು ಬಿಟ್ಟು ಗೇಟಿಗೆ ನಮ್ಮನೆಯವರು. ಆರೂವರೆವರೆಗೂ ಅಲ್ಲಿಂದ ಕದಲಲಿಲ್ಲ, ಫೋನೂ ನೋಡಲಿಲ್ಲ. ಪ್ರತಿ ಮಗುವಿನ ಅಂಗಿಗೆ ತಾಯಿಯ ನಂಬರಿನ ಚೀಟಿ, ಒಳಮಡಿಕೆಗೆ. ಆಚೆ ರಸ್ತೆ ಇದೆ, ಬಸ್ಸು ಲಾರಿ ಓಡಾಡುತ್ತವೆ, ಇದರಲ್ಲಿ ಸಡಿಲ ಬಿಡುವಂತಿಲ್ಲ.

ಉಡುಗೊರೆಗೆ ಎಲ್ಲರಿಗೂ ಒಂದೇ ಥರದ ಬಣ್ಣದ ಕಡ್ಡಿ ಡಬ್ಬಿ. ಅಷ್ಟು ಸಾಕು.

ಏಳೂವರೆಗೆ ಕೆಲವರು ರೂಢಿಯ ಪ್ರಕಾರ ನಿಧಾನವಾಗಿ ಬಂದರು. ದೋಸೆ ಭಟ್ಟರನ್ನು ಒಂಬತ್ತರವರೆಗೂ ನಿಲ್ಲಿಸಿಕೊಂಡಿದ್ದೆ. ಬಿಸಿ ದೋಸೆ, ಬಜ್ಜಿ, ಮಂಡಕ್ಕಿ, ಚಹಾ, ಕೂತು ಮಾತು. ಅತ್ತೆಯ ಮುಯ್ಯಿಯೂ ಉಳಿಯಿತು. ಆ ಹೊತ್ತಿಗೆ ಪುಟ್ಟಿ ಮನೆಯಲ್ಲಿ ಹತ್ತಿ ಲಂಗ ಹಾಕಿಕೊಂಡು, ಕಾಲಿಗೆ ಅಂಟಿದ ಸುಣ್ಣದ ಪುಡಿಯ ಸಮೇತ ಮಲಗಿದ್ದಳು.

ಮುಂದಿನ ತಿಂಗಳು ಮೈದುನನ ಮಗನಿಗೆ ಮೊದಲ ವರ್ಷ. ಅವನು ಹತ್ತಕ್ಕೆ ಆಡುತ್ತಾನೆ, ಒಂದಕ್ಕೆ ಮಲಗುತ್ತಾನೆ. ಹಾಲ್‌ನವರು ಸಂಜೆಗೇ ಕೊಡೋದು ಅಂದರಂತೆ. ಬೆಳಗ್ಗೆ ಹತ್ತಕ್ಕೆ ಕೊಡುವ ಜಾಗ ವಿದ್ಯಾನಗರದ ಕಡೆ ಗೊತ್ತಿದ್ದರೆ ದಯವಿಟ್ಟು ಹೇಳಿ, ಅತ್ತೆಯೇ ಕೇಳು ಅಂದಿದ್ದಾರೆ.