ಮೀಟರ್ ಕಡಿಮೆ ಇದ್ದರೆ ಗಾಡಿ ಗಟ್ಟಿ: ಸತ್ಯಾಂಶ ಏನು?

"ಹತ್ತು ವರ್ಷದ ಎಸ್‌ಯುವಿ 50,000 ಕಿ.ಮೀ. ಒಳಗೆ ಓಡಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ." ಈ ಮೆಸೇಜ್ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬೇಕು, ಅಲ್ವಾ? ಕಾರವಾರದಲ್ಲಿ ಇದನ್ನು ನಂಬಿ ಹೊರಟರೆ ಕಷ್ಟ.

ಇಲ್ಲಿ ಗಾಡಿಯನ್ನು ಓಟಕ್ಕಿಂತ ಜಾಸ್ತಿ ತಿನ್ನುವುದು ಉಪ್ಪುಗಾಳಿ. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ, ಕಬ್ಬಿಣ ಒಣಗಲು ಬಿಡುವುದಿಲ್ಲ. ಬೊಲೆರೊ, ಸ್ಕಾರ್ಪಿಯೋ, ಹಳೇ ಸಫಾರಿಯಂಥವುಗಳ ಬಾಡಿ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ಕೂತಿರುತ್ತದೆ. ಚಾಸಿಯ ಟೊಳ್ಳಿನಲ್ಲಿ ಕೆಸರು ನಿಂತರೆ ತುಕ್ಕು ಒಳಗಿಂದಲೇ ಶುರು. ಹೊರಗೆ ಮಾತ್ರ ಪೇಂಟ್ ಫಳಫಳ! ಅಡಿಗೆ ಬಗ್ಗಿ, ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅನ್ನುತ್ತದೆ, ಕಂದು ಪದರ ಅಂಗೈ ಮೇಲೆ ಉದುರುತ್ತದೆ. ಬ್ರೇಕ್ ಪೈಪ್, ಬಾಗಿಲಿನ ಕೆಳಅಂಚು ಬಿಡಬೇಡಿ.

ಸುಮ್ನೆ ನಿಂತ ಗಾಡಿಯ ಕಾಯಿಲೆಗಳೇ ಬೇರೆ. ಬುಷ್ (ಜೋಡಣೆಗಳ ನಡುವಿನ ರಬ್ಬರ್), ಹೋಸ್ (ರಬ್ಬರ್ ಪೈಪ್), ಟೈರ್ ಓಡದಿದ್ದರೂ ವಯಸ್ಸಿಗೇ ಬಿರಿಯುತ್ತವೆ. ಮೀಟರ್ ಹಿಂದಕ್ಕೆ ತಿರುಗಿಸುವವರೂ ಇದ್ದಾರೆ, ಹಾಗಾಗಿ ಸರ್ವಿಸ್ ಬಿಲ್ ಕೇಳಿ. ಬ್ರೇಕ್ ಸರಿ ಇದ್ದರೆ ಒಮ್ಮೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸಿ. ಟೆಂಪರೇಚರ್ ಮುಳ್ಳು ಮಾಮೂಲಿಗಿಂತ ಮೇಲೇರುತ್ತಾ ಹೋದರೆ ಕೂಲಿಂಗ್‌ನಲ್ಲಿ ತೊಂದರೆ ಇರಬಹುದು. ನನ್ನನ್ನು ಕೇಳಿದರೆ, ಉಪ್ಪುಗಾಳಿಯಿಂದ ದೂರ, ಘಟ್ಟದ ಮೇಲಿನ ಶಿರಸಿ ಕಡೆ ದಿನಾ ಓಡಿದ, ಬಿಲ್ ಇರುವ ಒಂದು ಲಕ್ಷ ಕಿ.ಮೀ. ಗಾಡಿಯೇ ವಾಸಿ.